ಕಿರುಪರದೆಯಲ್ಲಿ ವಚನದ ಓದು

ಮನೆಯ ಹಿರಿಯರ ವಚನ ಪಾರಾಯಣಕ್ಕೆಂದು ಟ್ಯಾಬ್ಲೆಟ್ ಕೊಳ್ಳುವ ಶರಣ ಬಂಧುಗಳಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಪರದೆ ದೊಡ್ಡದಿರಬೇಕೋ, ಸ್ಪಷ್ಟವಿರಬೇಕೋ?

ಪರದೆಯ ಒಂದು ಇಂಚಿನಲ್ಲಿ ಪಿಕ್ಸೆಲ್ ಎಂಬ ಚುಕ್ಕೆಗಳು ಎಷ್ಟು ದಟ್ಟವಾಗಿವೆಯೋ ಸ್ಪಷ್ಟತೆಯೂ ಅಷ್ಟು. 2012ರ ಮೊದಲ ಐಪ್ಯಾಡ್ ಮಿನಿಯಲ್ಲಿ ಇಂಚಿಗೆ 163 ಚುಕ್ಕೆಗಳಿದ್ದವು. 2013ರಲ್ಲಿ ಅದೇ 7.9 ಇಂಚಿನ ಪರದೆಯಲ್ಲಿ ಅವು 326 ಆದವು. ಕನ್ನಡಕ್ಕೆ ಇದು ಅಲ್ಪ ವಿಷಯವಲ್ಲ. ಚುಕ್ಕೆಗಳು ವಿರಳವಾದಾಗ ಮೊದಲು ಮಸುಕಾಗುವುದು ಒತ್ತಕ್ಷರವೇ.

ಆದರೆ ಸ್ಪಷ್ಟತೆಯೊಂದೇ ಸಾಲದು. ಟೈಪು ಮಾಡಿದ ಪಠ್ಯವಾದರೆ ಅಕ್ಷರಗಳನ್ನು ಹಿಗ್ಗಿಸಬಹುದು. ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಹಳೆಯ ಗ್ರಂಥದ ಸ್ಕ್ಯಾನ್ ಪುಟವಾದರೋ ಚಿತ್ರವಿದ್ದಂತೆ. ಐದೂವರೆ ಇಂಚು ಅಗಲದ ಡೆಮಿ ಪುಟವು, ಮೂಲೆಯಿಂದ ಮೂಲೆಗೆ 8.7 ಇಂಚಿರುವ ನೀಳ ಪರದೆಯಲ್ಲಿ ಸುಮಾರು ನಾಲ್ಕೂವರೆ ಇಂಚಿಗೆ ಕುಗ್ಗುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಸರಿಸಬೇಕು. ಚಾಳೀಸು ಧರಿಸಿದ ಹಿರಿಯರು ಬೇಸತ್ತು ಓದನ್ನೇ ಬಿಟ್ಟಾರು.

ಆದುದರಿಂದ ನಾವು ಹೇಳುವುದಿಷ್ಟೆ: ಸ್ಕ್ಯಾನ್ ಪುಟಗಳೇ ಹೆಚ್ಚಾದರೆ ಹತ್ತು ಇಂಚಿನ ಪರದೆಯೇ ಲೇಸು, ಅಲ್ಲಿ ಪುಟವು ಹೆಚ್ಚುಕಡಿಮೆ ಮೂಲದ ಅಗಲದಲ್ಲಿಯೇ ಕಾಣುತ್ತದೆ. ತೂಕ ಸುಮಾರು ಅರ್ಧ ಕಿಲೋ ಇರುವುದರಿಂದ ಮಣೆಯ ಮೇಲಿಟ್ಟು ಓದಬೇಕು. ಟೈಪು ಪಠ್ಯವೇ ಆದರೆ, ಕಿರಿದಾದರೂ ಚುಕ್ಕೆಗಳು ದಟ್ಟವಾದುದನ್ನು ಆರಿಸಿರಿ.

ಅಂಗಡಿಯಲ್ಲಿ ತೋರಿಸುವ ಬಣ್ಣದ ಚಿತ್ರಗಳಿಗೆ ಮರುಳಾಗದಿರಿ. ಹಿರಿಯರನ್ನೇ ಕರೆದೊಯ್ದು, ಅವರು ನಿತ್ಯ ಓದುವ ವಚನವನ್ನು ತೆರೆಸಿ, ಒತ್ತಕ್ಷರ ತಿಳಿಯಾಗಿ ಕಾಣುವುದೇ ಎಂದು ಕೇಳಿರಿ. ಹಣ ಕೊಡುವವರು ಮಕ್ಕಳಾದರೂ ಓದುವ ಕಣ್ಣು ಹಿರಿಯರದು.