ಸೆರೆಯಲ್ಲಿರುವವನಿಗೂ ಒಂದು ಮನಸ್ಸಿದೆ

ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೆಂಟರಿಷ್ಟರು, ನೆರೆಹೊರೆಯವರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಅದೇ ಮನೆಯ ಮಗನೊಬ್ಬ ಜೈಲು ಸೇರಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಂದವರು ಕೇಳುವುದಿಲ್ಲ, ಮನೆಯವರು ಹೇಳುವುದಿಲ್ಲ. "ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ" ಎಂದು ಹೇಳಿಕೊಂಡು ತಾಯಿ ದಿನ ದೂಡುತ್ತಾಳೆ. ಕಾಯಿಲೆಯೂ ಕಷ್ಟವೇ, ಸೆರೆಯೂ ಕಷ್ಟವೇ. ಆದರೆ ಒಂದಕ್ಕೆ ಸಾಂತ್ವನ ಸಿಗುತ್ತದೆ, ಇನ್ನೊಂದಕ್ಕೆ ಅವಮಾನ ಮಾತ್ರ ಸಿಗುತ್ತದೆ. ಈ ಅವಮಾನ ಗೋಡೆ ದಾಟಿ ಜೈಲಿನ ಒಳಗೂ ಹೋಗುತ್ತದೆ, ಅಲ್ಲಿರುವವನ ಮನಸ್ಸನ್ನು ತಿನ್ನುತ್ತದೆ. ಕೆಲವೊಮ್ಮೆ ಜೀವವನ್ನೇ ತೆಗೆಯುತ್ತದೆ. ಪ್ರಿಯ ಸಹೋದರಿಯರೇ, ಯಾರೂ ಮಾತಾಡಲು ಇಷ್ಟಪಡದ ಈ ವಿಷಯವನ್ನು ಈ ಬಾರಿ ಸ್ವಲ್ಪ ಬಿಡಿಸಿ ನೋಡೋಣ.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದ ಜೈಲುಗಳಲ್ಲಿ 1,995 ಕೈದಿಗಳು ತೀರಿಕೊಂಡರು. ಅವುಗಳಲ್ಲಿ 159 ಅಸಹಜ ಸಾವುಗಳು. ಆ 159ರಲ್ಲಿ 119 ಆತ್ಮಹತ್ಯೆಗಳು. ಜೈಲು ಸುಧಾರಣೆಗಾಗಿ ಸುಪ್ರೀಂ ಕೋರ್ಟ್ 2018ರಲ್ಲಿ ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿ ಐದು ವರ್ಷಗಳ ಲೆಕ್ಕ ತೆಗೆಯಿತು. 2017ರಿಂದ 2021ರವರೆಗೆ ಸಂಭವಿಸಿದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳೇ ಆಗಿದ್ದವು. ಜೈಲೆಂದರೆ ಹೊಡೆದಾಟ, ಕೊಲೆ ಎಂದು ಸಿನಿಮಾ ನೋಡಿ ತಿಳಿದವರಿಗೆ ಇದು ಆಶ್ಚರ್ಯವಾಗಬಹುದು. ಅಲ್ಲಿ ಇನ್ನೊಬ್ಬನ ಕೈಯಿಂದ ಸಾಯುವವರಿಗಿಂತ ತಮ್ಮ ನಿರಾಶೆಯಿಂದ ಸಾಯುವವರೇ ಬಹಳ ಹೆಚ್ಚು.

ಇವರೆಲ್ಲ ಯಾರು? 2022ರ ಕೊನೆಯಲ್ಲಿ ಜೈಲುಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಜನರಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಅವರಲ್ಲಿ ಮುಸ್ಲಿಮರ ಪಾಲು ದೇಶದ ಜನಸಂಖ್ಯೆಯಲ್ಲಿ ನಮಗಿರುವ ಪಾಲಿಗಿಂತ ಹೆಚ್ಚು. ಆದ್ದರಿಂದ ಇದು ಯಾರದೋ ಮನೆಯ ಕಥೆ ಎಂದು ಪುಟ ತಿರುವಿ ಹಾಕುವಂತಿಲ್ಲ.

ಕರ್ನಾಟಕದಲ್ಲಿಯೇ ನಡೆದ ಒಂದು ದೊಡ್ಡ ಅಧ್ಯಯನವಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳ ಮಾನಸಿಕ ಆರೋಗ್ಯವನ್ನು ಪರೀಕ್ಷಿಸಿ, 2011ರಲ್ಲಿ ವರದಿ ಪ್ರಕಟಿಸಿದರು. 4,002 ಮಂದಿಗೆ ಮಾನಸಿಕ ಕಾಯಿಲೆ ಅಥವಾ ದುಶ್ಚಟದ ತೊಂದರೆ ಇತ್ತು. ದುಶ್ಚಟವನ್ನು ಪಕ್ಕಕ್ಕಿಟ್ಟು ನೋಡಿದರೂ 1,389 ಮಂದಿಗೆ, ಅಂದರೆ ನೂರಕ್ಕೆ 27ಕ್ಕಿಂತ ಹೆಚ್ಚು ಜನರಿಗೆ, ಚಿಕಿತ್ಸೆ ಬೇಕಾದ ಮನೋರೋಗವಿತ್ತು. ಇವರನ್ನು ದುಷ್ಟರು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಕಾಯಿಲೆಗೆ ಔಷಧಿ ಕೊಡುವವರು ಯಾರು?

ಅಪಾಯ ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಬಂಧನವಾದ ಮೊದಲ ಕೆಲವು ಗಂಟೆಗಳು, ಮೊದಲ ಕೆಲವು ದಿನಗಳು ಬಹಳ ಕಠಿಣ. ನಿನ್ನೆ ತನಕ ಅಂಗಡಿ ನಡೆಸುತ್ತಿದ್ದವನು ಇಂದು ಗುರುತಿಲ್ಲದ ಜನರ ನಡುವೆ ಮಲಗಬೇಕು. ಕುಡಿತ ಅಥವಾ ಗಾಂಜಾ ಚಟವಿದ್ದವನಿಗೆ ಅದು ಒಮ್ಮೆಲೇ ನಿಂತು ನಡುಕ, ನಿದ್ದೆಗೇಡು, ಭಯ ಶುರುವಾಗುತ್ತದೆ. ಜಾಮೀನು ತಿರಸ್ಕಾರವಾದ ದಿನ, ಶಿಕ್ಷೆ ಪ್ರಕಟವಾದ ದಿನ, ಹೆಂಡತಿ ತವರಿಗೆ ಹೋದಳೆಂಬ ಸುದ್ದಿ ಬಂದ ದಿನ, ತಂದೆ ತೀರಿಕೊಂಡು ಮಣ್ಣಿಗೂ ಹೋಗಲಾಗದ ದಿನ, ಇವೂ ಅಂಥವೇ. ಒಬ್ಬನೇ ಒಂದು ಕೋಣೆಯಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು.

ಕೆಲವರು ಸಾಯುವಷ್ಟಲ್ಲದಿದ್ದರೂ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ. ಇದನ್ನು "ನಾಟಕ" ಎಂದು ತಳ್ಳಿಹಾಕುವುದು ಸುಲಭ. ಆದರೆ ಮಾತಿನಲ್ಲಿ ಹೇಳಲಾಗದ ನೋವನ್ನು ಮೈಯ ಮೇಲೆ ತೋರಿಸಿದವನು ಮುಂದೆ ಜೀವ ಕಳೆದುಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಾರೆ. ಅಂಥವನಿಗೆ ಬೇಕಾದದ್ದು ವೈದ್ಯರು, ಬೈಗುಳವಲ್ಲ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಬೇರೆ. ಗಂಡಸು ಜೈಲಿಗೆ ಹೋದರೆ ತಾಯಿ, ಹೆಂಡತಿ, ಅಕ್ಕತಂಗಿಯರು ಹೇಗಾದರೂ ಮಾಡಿ ನೋಡಲು ಹೋಗುತ್ತಾರೆ. ಹೆಣ್ಣು ಜೈಲಿಗೆ ಹೋದರೆ ಅನೇಕ ಸಲ ಗಂಡನ ಮನೆಯೂ ಇಲ್ಲ, ತವರೂ ಇಲ್ಲ. ಆರು ವರ್ಷದವರೆಗಿನ ಮಗುವನ್ನು ತಾಯಿ ಜೊತೆಯಲ್ಲಿಟ್ಟುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆ ವಯಸ್ಸು ದಾಟಿ ಮಗು ಹೊರಗೆ ಹೋಗುವ ದಿನ ತಾಯಿಯ ಮನಸ್ಸು ಏನಾಗುತ್ತದೆಂದು ಹೆತ್ತವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಮನೆಯವರು ಏನು ಮಾಡಬಹುದು? ಮೊದಲನೆಯದು, ಮುಖ ತೋರಿಸುವುದು. ನಮ್ಮ ಬರಗೂರು ಕಡೆಯಿಂದ ಸಿರಾಕ್ಕೆ ಬಂದು, ಅಲ್ಲಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ನಿಜ. ಪ್ರತಿ ಸಲ ಹೋಗಲಾಗದಿದ್ದರೆ ಫೋನು, ವಿಡಿಯೋ ಮೂಲಕ ಮಾತಾಡುವ ಇ-ಮುಲಾಖಾತ್, ಇಲ್ಲವೇ ಒಂದು ಪತ್ರವಾದರೂ ಇರಲಿ. ಕುಟುಂಬದವರ ಭೇಟಿಗೆ ಹೆಚ್ಚಿನ ಅವಕಾಶ ಕೊಡಬೇಕು, ಫೋನು ಮತ್ತು ವಿಡಿಯೋ ಸೌಲಭ್ಯ ಬೆಳೆಸಬೇಕು, ಮೊದಲ ಸಲ ಬಂದವರಿಗೆ ಆಪ್ತಸಲಹೆಗಾರರನ್ನು ಒದಗಿಸಬೇಕು ಎಂದು ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್ 15ರ ತೀರ್ಪಿನಲ್ಲಿ ತಿಳಿಸಿತು. ಮನೆಯವರ ಮಾತು ಕೈದಿಯ ಜೀವ ಉಳಿಸುತ್ತದೆಂಬುದನ್ನು ನ್ಯಾಯಾಲಯವೂ ಒಪ್ಪಿದಂತಾಯಿತು.

ಎರಡನೆಯದು, ಔಷಧಿಯ ವಿಷಯ. ಅವನು ಮೊದಲೇ ನಿದ್ದೆಗೆ, ಖಿನ್ನತೆಗೆ, ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಚಟವಿದ್ದರೆ, ಹಿಂದೆ ಸಾಯಲು ಯತ್ನಿಸಿದ್ದರೆ, ಅದನ್ನು ಮುಚ್ಚಿಡಬೇಡಿ. ವೈದ್ಯರ ಚೀಟಿಯನ್ನು ಮೊದಲ ದಿನವೇ ಜೈಲಿನ ವೈದ್ಯರಿಗೆ ತಲುಪಿಸಿ.

ಮೂರನೆಯದು, ಮಾತು. "ನಮ್ಮ ಮಾನ ಕಳೆದೆ", "ನಿನ್ನಿಂದ ತಂಗಿಯ ಮದುವೆ ನಿಂತಿತು" ಎಂಬ ಮಾತುಗಳನ್ನು ಭೇಟಿಯ ಹತ್ತು ನಿಮಿಷದಲ್ಲಿ ಆಡಬೇಡಿ. ಕೆಟ್ಟ ಸುದ್ದಿ ಹೇಳಲೇಬೇಕಾದರೆ ಅಧಿಕಾರಿಗೆ ಮೊದಲೇ ತಿಳಿಸಿ, ಆ ರಾತ್ರಿ ಅವನನ್ನು ನೋಡಿಕೊಳ್ಳಲು ಕೇಳಿ. ಅವನು ಊಟ ಬಿಟ್ಟಿದ್ದರೆ, "ನನ್ನನ್ನು ಮರೆತುಬಿಡಿ", "ಮಕ್ಕಳನ್ನು ನೋಡಿಕೊಳ್ಳಿ" ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. "ಸಾಯಬೇಕು ಅನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಅಲ್ಲಿಂದ ಹೊರಡುವ ಮುಂಚೆಯೇ ಜೈಲು ಅಧೀಕ್ಷಕರಿಗೆ ಬಾಯಲ್ಲಿಯೂ ಬರೆದೂ ತಿಳಿಸಿ. ಪತ್ರದ ಒಂದು ಪ್ರತಿ ನಿಮ್ಮ ಬಳಿ ಇರಲಿ.

ಕಾನೂನು ಏನು ಹೇಳುತ್ತದೆಂದು ತಿಳಿದಿದ್ದರೆ ಧೈರ್ಯ ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಜೀವ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದೇ ಭಾವಿಸಬೇಕು. ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ, ಎಲ್ಲ ಮಹಿಳೆಯರಿಗೂ ಉಚಿತ ವಕೀಲರ ಹಕ್ಕಿದೆ. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಮೊದಲ ಸಲ ಆರೋಪಿಯಾದವನು, ಬೇರೆ ಮೊಕದ್ದಮೆ ಇಲ್ಲದಿದ್ದರೆ, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಾಗ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಜಾಮೀನು ಸಿಕ್ಕರೂ ಹಣವಿಲ್ಲದೆ ಒಳಗೇ ಉಳಿದ ಬಡ ವಿಚಾರಣಾಧೀನರಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆ 2023ರಲ್ಲಿ ಬಂತು. ನಿರಾಶೆಗೆ ಅತಿ ಒಳ್ಳೆಯ ಮದ್ದು ಹೊರಗೆ ಬರುವ ದಾರಿ ಕಾಣುವುದು.

ಇನ್ನು ನಮ್ಮ ಧರ್ಮದ ಮಾತು. ಆತ್ಮಹತ್ಯೆ ಹರಾಮ್ ಎಂದು ಎಲ್ಲರಿಗೂ ಗೊತ್ತು. ಆದರೆ ಈ ಆಜ್ಞೆಯನ್ನು ಚಾಟಿಯಂತೆ ಬೀಸುವುದು ಸರಿಯಲ್ಲ. ಜೀವ ಅಮೂಲ್ಯ ಎಂಬ ಕರುಣೆಯೇ ಅದರ ತಿರುಳು. ಆ ಕರುಣೆ ಬದುಕಿರುವಾಗಲೇ ತಲುಪಬೇಕು. ಪ್ರವಾದಿ ಯೂಸುಫ್(ಅ) ತಪ್ಪಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಪ್ರವಾದಿ ಯಅ್‌ಕೂಬ್(ಅ) ಕಣ್ಣು ಕಳೆದುಕೊಂಡರು. ಅವರ ಈಮಾನ್ ದುರ್ಬಲವಾಗಿತ್ತೆಂದು ಯಾರಾದರೂ ಹೇಳುತ್ತಾರೆಯೇ? ದುಃಖವೂ ಖಿನ್ನತೆಯೂ ಈಮಾನಿನ ಕೊರತೆಯಲ್ಲ. ನಮಾಝ್, ದುಆ ಮನಸ್ಸಿಗೆ ಆಸರೆ. ಅದರ ಜೊತೆಗೆ ಮಾತ್ರೆಯೂ ವೈದ್ಯರೂ ಬೇಕು. ಪವಿತ್ರ ಕುರ್‌ಆನ್ ಪುಣ್ಯವಂತರ ಗುಣ ಹೇಳುವಾಗ ಬಡವನಿಗೆ, ಅನಾಥನಿಗೆ ಉಣಿಸುವುದರ ಜೊತೆಯಲ್ಲಿಯೇ ಸೆರೆಯಾಳಿಗೆ ಉಣಿಸುವುದನ್ನೂ ಹೇಳುತ್ತದೆ. ಅನಾಥರಿಗೆ ಚಂದಾ ಎತ್ತುವ ನಮ್ಮ ಜಮಾಅತ್‌ಗಳು ಸೆರೆಯಾಳಿನ ಮನೆಗೆ ಒಂದು ತಿಂಗಳ ರೇಷನ್ ಕೊಟ್ಟರೆ, ಅವನ ತಾಯಿಗೆ ಬಸ್ ಚಾರ್ಜು ಕೊಟ್ಟರೆ, ಅದೂ ಅದೇ ಸಾಲಿನ ಪುಣ್ಯ. ಒಂದು ವೇಳೆ ಜೀವ ಹೋಗಿಯೇ ಬಿಟ್ಟಿದ್ದರೂ ಆ ಮನೆಯನ್ನು ದೂರ ಮಾಡಬೇಡಿ. ಅಂಥವರಿಗೂ ಜನಾಝ ನಮಾಝ್ ಇದೆ ಎಂಬುದೇ ಬಹುಪಾಲು ಉಲಮಾಗಳ ಅಭಿಪ್ರಾಯ.

ಸೆರೆ ಬಡವರಿಗಷ್ಟೇ ಬರುವ ಕಳಂಕವೂ ಅಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ನಮ್ಮ ಮಧುಗಿರಿಯ ಕೋಟೆಯಲ್ಲಿಯೇ ಸೆರೆಯಲ್ಲಿಟ್ಟಿದ್ದನು. 1767ರಲ್ಲಿ ಮರಾಠರು ಬಂದ ಮೇಲೆ ಆಕೆಗೆ ಬಿಡುಗಡೆಯಾಯಿತು. ರಾಣಿಗೇ ತಪ್ಪದ ಸೆರೆ ಸಾಮಾನ್ಯರ ಮನೆಗೂ ಬಂದೀತು. ಬಂದಾಗ ತಪ್ಪಿದ್ದರೆ ಶಿಕ್ಷೆ ಕೊಡಲು ನ್ಯಾಯಾಲಯವಿದೆ. ತಾಯಿಯೂ ಹೆಂಡತಿಯೂ ಎರಡನೆಯ ನ್ಯಾಯಾಧೀಶರಾಗಬೇಕಾಗಿಲ್ಲ.

ಹೊರಗಿರುವ ನಿಮ್ಮ ಮನಸ್ಸೂ ಕುಸಿಯಬಹುದು. ಆಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. ಈ ಎರಡು ನಂಬರುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿಕೊಂಡಿರುವ ಅಂಥದೊಂದು ಮನೆಯಿದ್ದರೆ ಈ ವಾರ ಒಮ್ಮೆ ಸಲಾಮ್ ಹೇಳಿ ಒಳಗೆ ಹೋಗಿ. ಏನೂ ಕೇಳಬೇಡಿ. ಸ್ವಲ್ಪ ಹೊತ್ತು ಆ ತಾಯಿಯ ಪಕ್ಕದಲ್ಲಿ ಕುಳಿತು ಬನ್ನಿ.