ಹಗ್ಗಕ್ಕೂ ಆಯುಸ್ಸಿದೆ

ಮಳೆಗಾಲ ಮುಗಿದೊಡನೆ ಮುಂಬಯಿಯ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ ಆರಂಭವಾಗುತ್ತದೆ. ಇಪ್ಪತ್ತು ಮೂವತ್ತು ಅಂತಸ್ತಿನ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಕಾರ್ಮಿಕ ಬಂಧುಗಳು ಗೋಡೆ ಕೆರೆಯುತ್ತಾರೆ, ಗಾಜು ಒರೆಸುತ್ತಾರೆ. ಹೋಟೆಲಿನ ನಾಮಫಲಕ ಕಟ್ಟಲು, ಹೊಗೆಕೊಳವೆ ತೊಳೆಯಲು ಹತ್ತುವವರೂ ನಮ್ಮವರೇ. ಇವರೆಲ್ಲರ ಪ್ರಾಣ ನಿಂತಿರುವುದು ಹೆಬ್ಬೆರಳಿಗಿಂತ ತೆಳುವಾದ ಒಂದು ಹಗ್ಗದ ಮೇಲೆ. ಆದರೆ ಆ ಹಗ್ಗದ ವಯಸ್ಸೆಷ್ಟು ಎಂದು ಕೇಳಿದರೆ ಮಾಲೀಕರೂ ಹೇಳಲಾರರು, ಕಂತ್ರಾಟುದಾರರೂ ಹೇಳಲಾರರು.

ಊರಿನ ಬಾವಿಯ ಹಗ್ಗವನ್ನು ನಾವೆಲ್ಲ ಬಲ್ಲೆವು. ನಾರಿನ ಹಗ್ಗ ಸವೆದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಮೊದಲೇ ಎಚ್ಚರಿಸುತ್ತದೆ. ಹರಿದರೂ ಹೋಗುವುದು ಕೊಡಪಾನ ಮಾತ್ರ. ನೈಲಾನ್, ಪಾಲಿಯೆಸ್ಟರ್ ಹಗ್ಗಗಳ ಸ್ವಭಾವ ಬೇರೆ. ಅವು ಕೊಳೆಯುವುದಿಲ್ಲ. ಆದುದರಿಂದಲೇ ಅವಕ್ಕೆ ಸಾವಿಲ್ಲವೆಂಬ ಭ್ರಮೆ ಹುಟ್ಟಿದೆ. ಇಂತಹ ಸುರಕ್ಷತಾ ಹಗ್ಗಗಳಲ್ಲಿ ಸಾಮಾನ್ಯವಾಗಿ ಹೊರಗೊಂದು ಕವಚ, ಒಳಗೊಂದು ತಿರುಳು. ಭಾರವನ್ನು ಬಹುಮಟ್ಟಿಗೆ ಹೊರುವುದು ತಿರುಳು. ಅದು ಕೆಟ್ಟಿದ್ದರೂ ಕವಚ ಚೆನ್ನಾಗಿಯೇ ಕಾಣಬಹುದು.

ಈ ಹಗ್ಗದ ಶತ್ರುಗಳು ಹಲವು. ಬಿಸಿಲಿನ ಅತಿನೇರಳೆ ಕಿರಣ ಅದರ ಬಲವನ್ನು ಹೀರುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗವನ್ನಂತೂ ಬೇಗನೆ ತಿಂದುಹಾಕುತ್ತದೆ. ಶೌಚಾಲಯ ತೊಳೆಯುವ ಆಸಿಡ್ ನೈಲಾನನ್ನು ಸುಡುತ್ತದೆ. ಬಲವಾದ ಕ್ಷಾರ ಪಾಲಿಯೆಸ್ಟರನ್ನು ಕೆಡಿಸುತ್ತದೆ. ಒಳಹೊಕ್ಕ ಮರಳಿನ ಕಣಗಳು ಎಳೆಗಳನ್ನು ಕೊಯ್ಯುತ್ತವೆ. ಬಿಗಿದ ಹಗ್ಗ ಗೋಡೆಯ ಚೂಪಾದ ಅಂಚಿಗೆ ಉಜ್ಜಿದರೆ ಹೊಸದಾದರೂ ಕ್ಷಣದಲ್ಲಿ ತುಂಡಾಗಬಹುದು. ಗಂಟು ಹಾಕಿದಲ್ಲಿ ಬಲವು ಮೂರನೆಯ ಒಂದು ಪಾಲು, ಕೆಲವು ಗಂಟುಗಳಲ್ಲಿ ಅರ್ಧದಷ್ಟು ಕುಗ್ಗುತ್ತದೆ.

ಹಾಗಾದರೆ ಹಗ್ಗವನ್ನು ಯಾವಾಗ ಕೈಬಿಡಬೇಕು? ಒಮ್ಮೆಯೂ ಬಳಸದೆ ಇಟ್ಟಿದ್ದರೂ ತಯಾರಾದ ದಿನದಿಂದ 10 ವರ್ಷವೇ ಕೊನೆಯ ಗಡುವೆಂದು ಅನೇಕ ತಯಾರಕರು ವಿಧಿಸಿದ್ದಾರೆ. ದಿನನಿತ್ಯ ದುಡಿಯುವ ಹಗ್ಗದ ಕಥೆ ಒಂದು ವರ್ಷದೊಳಗೇ ಮುಗಿಯಬಹುದು. ಆದರೆ ಪಂಚಾಂಗ ನೋಡಿ ಕಾಯುವಂತಿಲ್ಲ. ಬೀಳುತ್ತಿದ್ದ ಮನುಷ್ಯನನ್ನು ಒಮ್ಮೆ ಜೋರಾಗಿ ತಡೆದು ನಿಲ್ಲಿಸಿದ ಹಗ್ಗ ಅಂದಿಗೇ ನಿವೃತ್ತ. ಕವಚ ಹರಿದು ತಿರುಳು ಕಂಡರೆ, ಕೈಯಾಡಿಸುವಾಗ ಒಂದೆಡೆ ಮೆತ್ತಗೆ, ಚಪ್ಪಟೆ ಅಥವಾ ಸೆಡೆತುಕೊಂಡಂತೆ ಸಿಕ್ಕರೆ, ಶಾಖಕ್ಕೆ ಕರಗಿ ಹೊಳಪೇರಿದ್ದರೆ, ಆಸಿಡ್ ಸೋಕಿದ ಅನುಮಾನವಿದ್ದರೂ ಸಾಕು, ಅದನ್ನು ಬಿಡಬೇಕು. ಬಿಟ್ಟ ಹಗ್ಗವನ್ನು ಮೂಲೆಗೆ ಎಸೆಯದೆ ತುಂಡು ತುಂಡಾಗಿ ಕತ್ತರಿಸಿರಿ. ಇಲ್ಲವಾದರೆ ನಾಳೆ ಇನ್ನೊಬ್ಬ ಬಡವನ ಸೊಂಟಕ್ಕೆ ಅದೇ ಬಂದೀತು.

ಇಷ್ಟನ್ನು ತಿಳಿದೂ ನಮ್ಮವರು ಹಳೆಯ ಹಗ್ಗಕ್ಕೇ ಇಳಿಯುವುದೇಕೆ? ಬೇಡವೆಂದರೆ ಅಂದಿನ ಕೂಲಿ ಹೋಗುತ್ತದೆ. ಹೊಸದನ್ನು ಕೇಳಿದರೆ ಬೆಲೆಯನ್ನು ಸಂಬಳದಲ್ಲಿ ಮುರಿಯುತ್ತೇವೆಂಬ ಬೆದರಿಕೆ ಬರುತ್ತದೆ. ಇದು ಅನ್ಯಾಯ ಮಾತ್ರವಲ್ಲ, ಕಾನೂನಿಗೂ ವಿರುದ್ಧ. 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯಂತೆ ಸುರಕ್ಷತೆಗೆಂದು ಒದಗಿಸಿದ ಯಾವುದಕ್ಕೂ ಕೆಲಸಗಾರನಿಂದ ಹಣ ವಸೂಲು ಮಾಡುವಂತಿಲ್ಲ. ಪ್ರಾಣಕ್ಕೆ ಗಂಡಾಂತರ ಕಂಡಾಗ ಮಾಲೀಕನಿಗೂ ತನಿಖಾಧಿಕಾರಿಗೂ ತಿಳಿಸುವ ಹಕ್ಕೂ ಆತನಿಗಿದೆ.

ಆದುದರಿಂದ ನಮ್ಮ ಬೇಡಿಕೆ ಸರಳವಾದುದು. ಪ್ರತಿ ಹಗ್ಗಕ್ಕೂ ತಯಾರಾದ ತಾರೀಖಿನ ಚೀಟಿ ಇರಲಿ, ಅದರ ಬಳಕೆಗೊಂದು ಲೆಕ್ಕದ ಪುಸ್ತಕವಿರಲಿ. ತಿಳಿದವರಿಂದ ವರ್ಷಕ್ಕೊಮ್ಮೆಯಾದರೂ ಪರೀಕ್ಷೆಯಾಗಲಿ. ಕೆಲಸದ ಹಗ್ಗವೊಂದು, ಜೀವರಕ್ಷಣೆಯ ಹಗ್ಗವೊಂದು, ಎರಡನ್ನೂ ಬೇರೆ ಬೇರೆ ಆಧಾರಗಳಿಗೆ ಕಟ್ಟಲಿ. ಬಂಧುಗಳೇ, ನೀವೂ ಪ್ರತಿದಿನ ಇಳಿಯುವ ಮುನ್ನ ಹಗ್ಗದ ಉದ್ದಕ್ಕೂ ಕೈಯಾಡಿಸಿ ನೋಡಿರಿ. ಅನುಮಾನ ಬಂದರೆ ಒಬ್ಬರೇ ವಾದಕ್ಕೆ ನಿಲ್ಲಬೇಡಿರಿ. ಇಡೀ ತಂಡ ಒಟ್ಟಾಗಿ ಬೇಡವೆನ್ನಲಿ, ಕೂಡಲೇ ಸಂಘಕ್ಕೆ ತಿಳಿಸಲಿ. ಹತ್ತು ಮಂದಿ ನೆಲದ ಮೇಲೆ ನಿಂತು ಕೇಳಿದರೆ ಹೊಸ ಹಗ್ಗ ಬಂದೇ ಬರುತ್ತದೆ.