ಕಪ್ಪು ಕರುವಿನ ಬೆಲೆ

ಅಮೆರಿಕದ ವಿಸ್ಕಾನ್ಸಿನ್ನಿನ ಹೈನುಗಾರರು ಹೋಲ್‌ಸ್ಟೀನ್ ಹಸು ಗಂಡುಗರು ಹಾಕಿದರೆ ಹಿಂದೆಲ್ಲ ಮುಖ ಸಿಂಡರಿಸುತ್ತಿದ್ದರು. ಅದು ಹಾಲು ಕೊಡದು, ಮೈಯಲ್ಲಿ ಮಾಂಸವೂ ಅಷ್ಟಕ್ಕಷ್ಟೆ. ಜರ್ಸಿಯ ಗಂಡುಗರುವನ್ನಂತೂ ಬಿಟ್ಟಿ ಕೊಟ್ಟರೂ ಕೇಳುವವರಿರುತ್ತಿರಲಿಲ್ಲ. ಈಗ ಅದೇ ಕೊಟ್ಟಿಗೆಯಲ್ಲಿ ಆಂಗಸ್ ಎಂಬ ಮಾಂಸದ ತಳಿಯ ಹೋರಿಯ ವೀರ್ಯಕ್ಕೆ ಹುಟ್ಟಿದ ಕಪ್ಪು ಕರು, ಹೊಕ್ಕುಳು ಒಣಗುವ ಮೊದಲೇ ಸಾವಿರ ಡಾಲರ್ ದಾಟುತ್ತದೆ. 2025ರ ಆರಂಭಕ್ಕೆ ಅಮೆರಿಕದ ದನಗಳ ಸಂಖ್ಯೆ 8.67 ಕೋಟಿಗೆ ಇಳಿದಿತ್ತು. 1951ರಿಂದ ಅಲ್ಲಿಯವರೆಗೆ ಅಷ್ಟು ಕಡಿಮೆಯಾದದ್ದಿರಲಿಲ್ಲ. ಮಾಂಸದ ಪೇಟೆ ಕರುವಿಗೆ ಬಾಯಿಬಿಡುವುದು ಸಹಜವೇ.

ಹಾಗೆಂದು ಕಡಸಿಗೂ ಮಾಂಸದ ಹೋರಿಯನ್ನೇ ಕೊಡಿಸಬೇಕೆ? ಕೂಡದೆಂಬುದು ನನ್ನ ವಾದ. ಹಳಬರು ಕೊಡಿಸುತ್ತಿದ್ದುದಕ್ಕೆ ಕಾರಣವಿತ್ತು: ಚೊಚ್ಚಲ ಕಡಸಿನ ಸೊಂಟ ಕಿರಿದು, ಆಂಗಸ್ ಕರು ಚಿಕ್ಕದು, ಹೆರಿಗೆ ಸಲೀಸು. ಆದರೆ ಲಿಂಗ ವಿಂಗಡಿಸಿದ ವೀರ್ಯ ಬಂದ ಮೇಲೆ ಲೆಕ್ಕ ತಿರುಗಿತು. ಹೆಣ್ಣುಗರು ಕೊಡುವ ವೀರ್ಯಾಣುವಿನಲ್ಲಿ ಡಿಎನ್ಎ ಶೇ. 4ರಷ್ಟು ಹೆಚ್ಚು, ಆ ಕೂದಲೆಳೆಯ ವ್ಯತ್ಯಾಸವನ್ನೇ ಹಿಡಿದು ಯಂತ್ರ ಬೇರ್ಪಡಿಸುತ್ತದೆ. ಹತ್ತರಲ್ಲಿ ಒಂಬತ್ತು ಕರು ಹೆಣ್ಣು. ಹೆಣ್ಣುಗರು ಗಂಡಿಗಿಂತ ಹಗುರ, ಮೇಲಾಗಿ ಈ ವೀರ್ಯ ಹಸುವಿಗಿಂತ ಕಡಸಿನಲ್ಲೇ ಚೆನ್ನಾಗಿ ಗಬ್ಬ ಕಟ್ಟುತ್ತದೆ. ತಳಿ ಸುಧಾರಣೆಯ ಹೊಸ ಫಲ ಇರುವುದೂ ಮಂದೆಯ ಕಡಸುಗಳಲ್ಲೇ. ಅವಕ್ಕೆ ಆಂಗಸ್ ಕೊಡಿಸುವುದೆಂದರೆ ಬಿತ್ತನೆಗಿಟ್ಟ ಭತ್ತವನ್ನು ಕುಟ್ಟಿ ಉಂಡಂತೆ. ಉಂಡದ್ದೂ ಆಗಿದೆ: ಅದೇ 2025ರಲ್ಲಿ ಅಲ್ಲಿನ ಹಾಲಿನ ಕಡಸುಗಳ ಸಂಖ್ಯೆ 1978ರಿಂದೀಚೆಗಿನ ಕನಿಷ್ಠ ಮಟ್ಟಕ್ಕಿಳಿದು, ಸಾವಿರಕ್ಕೆ ಕರು ಮಾರಿದವರು ಮೂರು ಸಾವಿರ ಕೊಟ್ಟು ಕಡಸು ಕೊಳ್ಳಬೇಕಾಯಿತು. ಮಾಂಸದ ಹೋರಿ ಸಲ್ಲಬೇಕಾದ್ದು ಮೂರು ನಾಲ್ಕು ಸೂಲು ಕಂಡ, ಹಾಲು ಕಡಿಮೆಯಾದ ಹಸುಗಳಿಗೆ.

ಇನ್ನು ಮಾರಾಟ. ಕಪ್ಪು ಬಣ್ಣಕ್ಕೆ ಬೆಲೆ ಕಟ್ಟುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಆಂಗಸ್‌ನ ಕಪ್ಪೂ ಕೋಡಿಲ್ಲದ ತಲೆಯೂ ಮಿಶ್ರತಳಿಯಲ್ಲಿ ಎದ್ದು ಬರುತ್ತವೆ, ಸರಿ. ಆದರೆ ಬೆನ್ನಿನ ಮಾಂಸ ತುಂಬಿಕೊಳ್ಳುತ್ತದೋ ಇಲ್ಲವೋ ಎಂಬುದು ತೊಗಲಲ್ಲಿ ಬರೆದಿರುವುದಿಲ್ಲ. ಹಸು ಗಬ್ಬವಾದರೆ ಸಾಕೆಂದು ಅಗ್ಗದ ವೀರ್ಯದ ಕಡ್ಡಿ ಹಾಕಿಸಿದವನ ಕರುವೂ ಕಪ್ಪೇ. ಕೊಬ್ಬಿಸುವವನಿಗೆ ಅದು ಗೊತ್ತಾಗುವುದು ವರ್ಷ ಕಳೆದ ಮೇಲೆ, ಮೇವೆಲ್ಲ ಉದ್ದ ಕಾಲಿಗೇ ಹೋದಾಗ. ಬುದ್ಧಿವಂತ ಗಿರಾಕಿ ಹೋರಿಯ ಹೆಸರು ಕೇಳುತ್ತಾನೆ, ಬೆರಳಿನಿಂದ ಹೊಕ್ಕುಳು ಒತ್ತಿ ನೋಡುತ್ತಾನೆ, ಗಿಣ್ಣು ಎಷ್ಟು ಹೊತ್ತಿಗೆ ಕುಡಿಸಿದಿರಿ ಎನ್ನುತ್ತಾನೆ. ಹಿಂದೆ ಗಂಡುಗರುವಿಗೆ ಎಷ್ಟೋ ಕಡೆ ಉಳಿದ ಗಿಣ್ಣು ಸಿಕ್ಕರೆ ಸಿಕ್ಕಿತು. ಕರುಣೆ ಮಾಡದ್ದನ್ನು ಬೆಲೆ ಮಾಡಿಸಿತು ಎಂದು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯೇ.

ನಮ್ಮಲ್ಲೂ ಎಚ್‌ಎಫ್ ಎಂದು ಕರೆಯುವ ಹೋಲ್‌ಸ್ಟೀನ್ ಗಂಡುಗರು ಯಾರಿಗೂ ಬೇಡ. 2020ರ ಗೋಹತ್ಯೆ ನಿಷೇಧ ಕಾಯ್ದೆಯಿರುವ ಕರ್ನಾಟಕಕ್ಕೆ ಆಂಗಸ್ ದಾರಿಯಿಲ್ಲ. ಹೆಣ್ಣುಗರು ಕೊಡುವ ವೀರ್ಯವೊಂದೇ ಉಳಿದದ್ದು.

ವಿಸ್ಕಾನ್ಸಿನ್ನಿನವನ ಕಷ್ಟ ಬೇರೆ. ಬೆಳಗ್ಗೆ ಬೆದೆಗೆ ಬಂದ ಕಡಸಿಗೆ ಆಂಗಸ್ ಹಾಕಿಸಿದರೆ ಒಂಬತ್ತು ತಿಂಗಳು ಒಂದು ವಾರಕ್ಕೆ ಚೆಕ್ಕು. ಹೆಣ್ಣುಗರು ಹಾಕಿಸಿದರೆ ಅದು ಬೆಳೆದು, ಕರು ಹಾಕಿ, ಹಾಲು ಕರೆಯುವ ಹೊತ್ತಿಗೆ ಸುಮಾರು ಮೂರು ವರ್ಷ. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ.